ದುರ್ಗಾಪುರದ ಬಜಾರಿಗೆ ಸಾಕಾಗುವಷ್ಟು ಮಾತು

ದುರ್ಗಾಪುರ
20 ಮೇ 2025

ಪ್ರಮಿತಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಭಾನುವಾರ ನಿನ್ನ ಪವಮಾನರು ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಮಾರ್ಚಿನಲ್ಲಿ ಸಿಮೆಂಟ್ ಕಂಪನಿಯವರು ಅವರನ್ನು ವಾಡಿಯಿಂದ ಇಲ್ಲಿಯ ಕಾರ್ಖಾನೆಗೆ ಹಾಕಿದಾಗಿನಿಂದ ನಮಗೂ ಒಬ್ಬ ಕನ್ನಡದ ನೆಂಟರು ಸಿಕ್ಕಂತಾಗಿದೆ. ಅಭಯನಿಗೆ ಬ್ಯಾಂಕಿನಲ್ಲಿ ಹಿಂದಿ, ನನಗೆ ಬಜಾರಿನಲ್ಲಿ ಬಂಗಾಳಿ. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಜಗಳಕ್ಕೆ ಮಾತ್ರ ಕನ್ನಡ ಉಳಿಸಿಕೊಂಡಿದ್ದೆವು.

ಕ್ವಾರ್ಟರ್ಸ್ ಸಿಕ್ಕ ಕೂಡಲೇ ನಿನ್ನನ್ನೂ ಕೂಸನ್ನೂ ಕರೆಸಿಕೊಳ್ಳುತ್ತಾರಂತೆ. ಅಷ್ಟರೊಳಗೆ ಬಜಾರಿಗೆ ಸಾಕಾಗುವಷ್ಟು ಮಾತು ಅವಳಿಗೆ ಕಲಿಸಿ ಎಂದರು. ನಿನಗೆ ನಿದ್ದೆ ಹತ್ತುತ್ತಿಲ್ಲ, ಫೋನು ದೂರ ಇಡು ಎಂದು ಡಾಕ್ಟರು ಹೇಳಿದ್ದಾರೆ ಎಂದೂ ಗೊತ್ತಾಯಿತು. ಒಳ್ಳೆಯದೇ. ಫೋನಿನಲ್ಲಿ ಕಲಿತದ್ದು ಫೋನಿನಲ್ಲೇ ಉಳಿಯುತ್ತದೆ. ಕಲಬುರ್ಗಿ ಹಾಸ್ಟೆಲಿನಲ್ಲಿ ನಾವು ರಸಾಯನಶಾಸ್ತ್ರ ಪಾಸಾದದ್ದು ಬರೆದು ಬರೆದೇ ಅಲ್ಲವೇ? ಆದ್ದರಿಂದ ಫೋನಿಲ್ಲ, ಪತ್ರ ಮಾತ್ರ.

ಮೊದಲ ಪಾಠ. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಬೇಕು: ಕೊತೊ ಕೊರೆ? ಕಿಲೋ ಹ್ಯಾಂಗ ಅಂತ. ನಿಂತು ಕೇಳಿದವರಿಗೆ ಒಂದು ರೇಟು, ಕೂತು ಕೇಳಿದವರಿಗೆ ಇನ್ನೊಂದು. ಗಂಡಸಾದರೆ ದಾದಾ ಅನ್ನು, ವಯಸ್ಸಾದ ಹೆಂಗಸಾದರೆ ಮಾಶಿ. ಆಮೇಲೆ ಏಕ್ಟು ಕೊಮ್ ಕೊರುನ್, ಸ್ವಲ್ಪ ಕಮ್ಮಿ ಮಾಡ್ರಿ. ತೆಗೆದುಕೊಳ್ಳುವ ಮೊದಲು ಟಾಟ್ಕಾ ತೊ? ತಾಜಾ ಅದನೋ ಇಲ್ಲೋ? ಇಷ್ಟನ್ನು ಬಾಯಿಪಾಠ ಮಾಡು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಚೆ ಕಳೆದುಹೋಗುತ್ತದೆ. ನೀನು ಪವಮಾನರ ಕಾರ್ಖಾನೆಯ ವಿಳಾಸಕ್ಕೇ ಬರೆ, ಅವರು ತಂದು ಕೊಡುತ್ತಾರೆ.

ರಂಜನಾ


ವಾಡಿ
29 ಮೇ 2025

ರಂಜನಾ,

ಪೋಸ್ಟ್‌ಮನ್ ನನ್ನ ಹೆಸರು ಕೂಗಿದ್ದು ಕೇಳಿ ಎಷ್ಟು ಕಾಲವಾಗಿತ್ತು! ಅತ್ತೆ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೊಟ್ಟರು. ನಾಲ್ಕು ಸಲ ಓದಿದೆ. ಜಯುಗೂ ಓದಿ ಹೇಳಿದೆ. ಅವನನ್ನು ತಣ್ಣಗಿನ ಪರಸಿ ಕಲ್ಲಿನ ಮೇಲೆ ಮಲಗಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕೊತೊ ಕೊರೆ ದಾದಾ ಎಂದರೆ ಕೈಕಾಲು ಬಡಿಯುತ್ತಾನೆ. ಐದು ತಿಂಗಳಾಯಿತು ಅವನಿಗೆ. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು ಈ ಮನೆಯಲ್ಲಿ ಅವನೊಬ್ಬನೇ.

ನಿನ್ನೆ ಮಾವನವರ ಜೊತೆ ಕಾಯಿಪಲ್ಯ ತರಲು ಹೋದಾಗ ಗುರುಲಿಂಗಮ್ಮನ ಹತ್ತಿರ ಪರೀಕ್ಷೆ ಮಾಡಿದೆ. ಕೂತು, ಗಂಭೀರವಾಗಿ, ಕೊತೊ ಕೊರೆ ಮಾಶಿ ಅಂದೆ. ಆಕೆ ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ಏನವ್ವಾ, ಬಾಣಂತನ ಮುಗುದು ಬ್ಯಾರೆ ದೇಶದಾಕಿ ಆಗೀಯೇನ? ಬದನಿಕಾಯಿ ಕಿಲೋಕ್ಕ ನಲವತ್ತು. ಯಾವ ಭಾಷಾದಾಗ ಕೇಳಿದ್ರೂ ನಲವತ್ತೇ." ಮಾವನವರು ಕೊಡೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಮೂವತ್ತೈದಕ್ಕೆ ಕೊಟ್ಟಳು, ಅದು ಬೇರೆ ಮಾತು.

ನಿದ್ದೆಯ ಬಗ್ಗೆ ಬರೆದಿದ್ದೆಯಲ್ಲ. ಕೂಸು ಮಲಗಿದಾಗ ನನಗೂ ಕಣ್ಣು ಹತ್ತಬೇಕು, ಹತ್ತುವುದಿಲ್ಲ. ಉಸಿರು ನಡೆದಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾ ಕೂರುತ್ತೇನೆ. ಇನ್ನೇನು ಕಣ್ಣು ಮುಚ್ಚಬೇಕು, ಅತ್ತೆಯ ಕುಕ್ಕರು ಸೀಟಿ ಹೊಡೆಯುತ್ತದೆ, ಅವನು ಬೆಚ್ಚಿ ಏಳುತ್ತಾನೆ. ಅತ್ತೆಗೆ ಹೇಳಲು ಧೈರ್ಯವಿಲ್ಲ. ಪವಮಾನರದೂ ಫೋನಿನಲ್ಲಿ ದಿನಾ ಅದೇ ಮಾತು, ರೆಸ್ಟ್ ತಗೋ, ರೆಸ್ಟ್ ತಗೋ. ರೆಸ್ಟ್ ಯಾವ ಬಜಾರಿನಲ್ಲಿ ಸಿಗುತ್ತದೆ, ಕೊತೊ ಕೊರೆ ಎಂದು ಕೇಳಬೇಕೆನ್ನಿಸುತ್ತದೆ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ, ಅವರಿಗೆ ಹೇಳಬೇಡ.

ಒಂದು ಪ್ರಶ್ನೆ. ಹಣ್ಣಿನವನ ಹತ್ತಿರ ‘ಇದು ನನ್ನ ಮಗುವಿಗೆ’ ಎಂದು ಹೇಳುವುದು ಹೇಗೆ? ಹಾಗೆ ಹೇಳಿದರೆ ಒಳ್ಳೆಯದನ್ನೇ ಆರಿಸಿ ಕೊಡುತ್ತಾರೆ, ಎಲ್ಲ ಊರಲ್ಲೂ.

ಪ್ರಮಿತಾ


ದುರ್ಗಾಪುರ
9 ಜೂನ್ 2025

ಪ್ರಮಿತಾ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಹೀಗೇ ಅಭ್ಯಾಸ ಮಾಡುತ್ತಿರು.

ಇವತ್ತು ಮೀನಿನ ಸಾಲು ದಾಟುವ ಪಾಠ. ತರಕಾರಿಗೆ ಹೋಗಬೇಕಾದರೆ ಅದನ್ನು ದಾಟದೆ ಗತಿಯಿಲ್ಲ. ಮೊದಲ ದಿನ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿದ್ದೆ. ಒಬ್ಬ ಮುದುಕ ಕೂಗಿ ಏನೋ ಅಂದ, ಎಲ್ಲರೂ ನಕ್ಕರು. ಈಗ ಓಡುವುದಿಲ್ಲ. ನಿಂತು ಹೇಳುತ್ತೇನೆ: ಆಮ್ರಾ ಮಾಛ್ ಖಾಇ ನಾ, ನಾವು ಮೀನು ತಿನ್ನೋದಿಲ್ಲ. ಅಯ್ಯೋ ಪಾಪ ಅನ್ನುವಂತೆ ನೋಡುತ್ತಾರೆ, ದಾರಿ ಬಿಡುತ್ತಾರೆ.

ನಮ್ಮ ಕೊಸರಿಗೆ ಇಲ್ಲಿ ಫಾವು ಎನ್ನುತ್ತಾರೆ. ತೂಕ ಮುಗಿದ ಮೇಲೆ ಚೀಲದ ಬಾಯಿ ತೆರೆದೇ ಹಿಡಿದು, ಫಾವು ದಿನ್ ಅನ್ನು. ಎರಡು ಮೆಣಸಿನಕಾಯಿಯೋ ಒಂದು ಎಳೆ ಕೊತ್ತಂಬರಿಯೋ ಬೀಳುತ್ತದೆ. ಬೀಳುವವರೆಗೆ ಚೀಲ ಮುಚ್ಚಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಬೇಡ ಅನ್ನಲು ಕಲಿಯುವುದು. ಹಿಂದೆ ಬಿದ್ದು ಕೈಗೆ ತುರುಕುತ್ತಾರೆ. ಆಗ ಮೆಲ್ಲಗೆ, ಸಿಟ್ಟಿಲ್ಲದೆ, ಲಾಗ್ಬೆ ನಾ. ಬೇಕಾಗಿಲ್ಲ. ಹೇಳಿ ಮುಂದೆ ನಡೆದುಬಿಡು, ತಿರುಗಿ ನೋಡಬೇಡ. ತಿರುಗಿ ನೋಡಿದೆಯೋ, ನಿನಗೆ ಬೇಕಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ.

ರಂಜನಾ


ವಾಡಿ
18 ಜೂನ್ 2025

ರಂಜನಾ,

ಚೀಲದ ಬಾಯಿ ಮುಚ್ಚಬಾರದು ಎಂಬ ಪಾಠ ಗುರುಲಿಂಗಮ್ಮನ ಹತ್ತಿರ ನಡೆಯಲಿಲ್ಲ. "ಚೀಲಾ ಮುಚ್ಚವ್ವಾ, ನೊಣಾ ಹೋಗ್ತಾವ" ಅಂದಳು.

ನನ್ನ ಪ್ರಶ್ನೆಗೆ ಉತ್ತರ ಬರೆಯಲು ಮರೆತೆ. ಇರಲಿ, ಮುಂದಿನ ಸಲ ಬರೆ.

ಒಂದು ವಿಚಿತ್ರ ಹೇಳುತ್ತೇನೆ, ಕೇಳು. ಹೋದ ವಾರ ಅವರೇ ಫೋನು ಮಾಡಿ ಅತ್ತೆಗೆ, ಕುಕ್ಕರು ಬಿಡು, ಬೇಳೆಯನ್ನು ಪಾತ್ರೆಯಲ್ಲಿ ಬೇಯಿಸು, ಸೀಟಿಗೆ ಕೂಸು ಏಳುತ್ತದೆ ಎಂದರಂತೆ. ನಾನು ಒಂದು ಮಾತು ಹೇಳಿರಲಿಲ್ಲ ರಂಜನಾ. ರೆಸ್ಟ್ ತಗೋ ಅನ್ನುವುದನ್ನೂ ಬಿಟ್ಟಿದ್ದಾರೆ. ಮದುವೆಯಾದ ಹೊಸತರಲ್ಲಿ, ಇವರಿಗೆ ಹೇಳದೆ ಏನೂ ತಿಳಿಯುವುದಿಲ್ಲ ಎಂದು ನಿನ್ನ ಮುಂದೆ ಅತ್ತಿದ್ದೆನಲ್ಲ. ಈಗ ಅಷ್ಟು ದೂರ ಕೂತು ನನ್ನ ಮನಸ್ಸಿನಲ್ಲಿದ್ದದ್ದು ತಿಳಿಯುತ್ತದೆ. ದೂರ ಹೋದ ಮೇಲೆ ಹತ್ತಿರವಾಗುವುದು ಅಂದರೆ ಇದೇ ಇರಬೇಕು.

ಆ ಧೈರ್ಯದಲ್ಲಿ ನಿನಗೆ ಇನ್ನೊಂದು ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಜಯು ಅಳು ನಿಲ್ಲಿಸಲೇ ಇಲ್ಲ. ರೈಲು ನೋಡಿದರೆ ಸುಮ್ಮನಾಗುತ್ತಾನೆ ಎಂದು ಎತ್ತಿಕೊಂಡು ಸ್ಟೇಶನ್ನಿಗೆ ಹೋದೆ. ಚಪ್ಪಲಿ ಹಾಕಿಕೊಳ್ಳುವುದು ಮರೆತಿತ್ತು. ಬೆಂಚಿನ ಮೇಲೆ ಕೂತೆ. ಅವನು ಸುಮ್ಮನಾದ, ಮಲಗಿದ. ನಾನು ಏಳಲಿಲ್ಲ. ಬಿಸಿಲು ಇಳಿಯಿತು. ಚಹಾದಂಗಡಿಯ ನಯೀಮ ನನ್ನ ಕಾಲು ನೋಡಿ ಮಾವನವರಿಗೆ ಫೋನು ಮಾಡಿದ. ಅವತ್ತಿನಿಂದ ಮನೆಯಲ್ಲಿ ಆ ದಿನದ ಮಾತು ಯಾರೂ ಎತ್ತುವುದಿಲ್ಲ. ನಾನು ಹಳಿಯ ಕಡೆ ನೋಡುತ್ತಿದ್ದೆ ಎಂದು ಅವರಿಗೆ ಅನ್ನಿಸಿದೆ. ಹಾಗಲ್ಲ. ಯಾರಾದರೂ ಈ ಕೂಸನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಈ ಬೆಂಚಿನ ಮೇಲೆಯೇ ಮಲಗಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅಷ್ಟೇ. ಅದು ಹುಚ್ಚೇ?

ಅಲ್ಲಿ ನನ್ನದೇ ಒಂದು ಮನೆ ಇದ್ದರೆ, ನಾನೇ ಬಜಾರಿಗೆ ಹೋಗಿ ನಾನೇ ತಂದು ನಾನೇ ಬೇಯಿಸಿ ಅವನಿಗೆ ತಿನ್ನಿಸಿದರೆ ಸರಿಹೋಗುತ್ತೇನೆ ಎಂದು ನಂಬಿದ್ದೇನೆ. ಇಲ್ಲಿ ನನ್ನ ಕೂಸನ್ನು ನನ್ನ ಕೈಯಲ್ಲಿ ಕೊಡುವಾಗಲೂ ಯಾರೋ ಒಬ್ಬರು ಪಕ್ಕದಲ್ಲಿ ನಿಂತಿರುತ್ತಾರೆ.

ಇದಕ್ಕೊಂದು ಸಾಲು ಉತ್ತರ ಬರೆ.

ಪ್ರಮಿತಾ


ದುರ್ಗಾಪುರ
28 ಜೂನ್ 2025

ಪ್ರಮಿತಾ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ಕಲಿಯುವ ಹುಮ್ಮಸ್ಸು ಹೀಗೇ ಇರಲಿ.

ಇವತ್ತು ತೂಕದ ಪಾಠ. ಆಧ್ ಕಿಲೊ ದಿನ್, ಅರ್ಧ ಕಿಲೋ ಕೊಡ್ರಿ. ಪಾವು ಕಿಲೋಗೆ ಪೋಯಾ. ಬಾಳೆಹಣ್ಣು ಮಾತ್ರ ಡಜನ್ ಲೆಕ್ಕ. ಇಲ್ಲಿ ಮಳೆ ಶುರುವಾದ ಮೇಲೆ ಸೊಪ್ಪಿನಲ್ಲಿ ಮಣ್ಣೇ ಹೆಚ್ಚು, ಒದರಿ ತೂಗಿ ಎಂದು ಕೈಸನ್ನೆ ಮಾಡಿದರೂ ಸಾಕು. ಒಂದು ಮಾತು ಬಾರದಿದ್ದರೆ ನಕ್ಕುಬಿಡು. ನಕ್ಕವಳಿಗೆ ಈ ಊರಲ್ಲಿ ಯಾರೂ ಮೋಸ ಮಾಡುವುದಿಲ್ಲ.

ಕ್ವಾರ್ಟರ್ಸ್ ಸಾಲು ನಿಧಾನವಾಗಿ ಸರಿಯುತ್ತಿದೆಯಂತೆ. ನೀನೂ ಅವಸರ ಮಾಡಬೇಡ. ಮನೆಯಲ್ಲಿ ದೊಡ್ಡವರಿರುವಾಗ ಹಾಯಾಗಿರು.

ರಂಜನಾ


ವಾಡಿ
7 ಜುಲೈ 2025

ರಂಜನಾ,

ಸಂತೋಷವಾಯಿತೇ? ಯಾವುದನ್ನು ಓದಿ?

ಕೋಪದಲ್ಲಿ ಬರೆದೆ, ಹೊಡೆದುಹಾಕುವುದಿಲ್ಲ, ಇರಲಿ. ಬಹುಶಃ ಆ ಪತ್ರ ನಿನಗೆ ಸಿಕ್ಕಿಲ್ಲ. ಅಥವಾ ಓದಿ ಏನು ಬರೆಯಬೇಕೆಂದು ತಿಳಿಯದೆ ಬಾಳೆಹಣ್ಣಿನ ಡಜನ್ನಿಗೆ ಹೋದೆ. ನೀನು ಮೊದಲಿನಿಂದಲೂ ಹಾಗೆ. ನಮ್ಮಪ್ಪ ಸೇಡಂನಲ್ಲಿ ತೀರಿಕೊಂಡ ಸುದ್ದಿ ಹಾಸ್ಟೆಲಿಗೆ ಬಂದಾಗ ನೀನು ಮಾತಾಡದೆ ನನ್ನ ಬಟ್ಟೆಯೆಲ್ಲ ಮಡಿಚಿ ಚೀಲಕ್ಕೆ ತುಂಬಿದ್ದೆ. ಅದನ್ನು ನೆನೆದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಏನೋ ಬದಲಾಗಿದೆ. ಬಾಗಿಲಿಗೆ ಮೇಲುಗಡೆ ಹೊಸ ಚಿಲಕ ಬಿದ್ದಿದೆ, ನನ್ನ ಕೈಗೆ ಎಟುಕುವುದಿಲ್ಲ. ಮಂಗ್ಯಾಗಳ ಕಾಟ ಎಂದರು ಮಾವನವರು. ವಾಡಿಯಲ್ಲಿ ಮಂಗ ನೋಡಿದವರು ಯಾರು? ಮಧ್ಯಾಹ್ನ ಜಯುವನ್ನು ಅತ್ತೆ ತಮ್ಮ ಪಕ್ಕ ಮಲಗಿಸಿಕೊಳ್ಳುತ್ತಾರೆ. "ನೀ ಮಕ್ಕೋ ತಾಯೀ, ನಾ ಹಿಡಕೊಂಡೀನಿ" ಎನ್ನುತ್ತಾರೆ. ನಾನು ಬೆಂಚಿನ ಮೇಲೆ ಕೂತು ಆಸೆಪಟ್ಟದ್ದು ಇದನ್ನೇ. ಆದರೆ ಈಗ ಬಾಗಿಲ ಆಚೆ ಕೂತು ಅವನ ಉಸಿರು ಕೇಳಿಸುತ್ತದೆಯೇ ಎಂದು ಕಿವಿಗೊಡುತ್ತೇನೆ.

ಇವತ್ತಿನಿಂದ ನಮ್ಮಲ್ಲಿ ಶಾಕವ್ರತ. ಇನ್ನೊಂದು ತಿಂಗಳು ಮನೆಯೊಳಗೆ ಕಾಯಿಪಲ್ಯ ಬರುವಂತಿಲ್ಲ, ಮೆಣಸಿನಕಾಯಿ ಹುಣಸೆ ಕೂಡ ಇಲ್ಲ. ಗುರುಲಿಂಗಮ್ಮನಿಗೆ ಹೇಳಿ ಬಂದೆ. "ನಿಮ್ಮ ದೇವರು ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡಿತಾನ" ಎಂದಳು.

ಜಯುಗೆ ಮೊದಲ ಹಲ್ಲು ಕಾಣುತ್ತಿದೆ, ಕೆಳಗೆ, ಅಕ್ಕಿಕಾಳಿನ ಹಾಗೆ. ಹಲ್ಲಿಗೆ ಬಂಗಾಳಿಯಲ್ಲಿ ಏನೆನ್ನುತ್ತಾರೆ? ಬೇರೆ ಏನೂ ಬರೆಯದಿದ್ದರೂ ಅದೊಂದು ಬರೆ. ‘ನನ್ನ ಮಗುವಿಗೆ’ ಅನ್ನುವುದನ್ನೂ ಬರೆ.

ಪ್ರಮಿತಾ


ದುರ್ಗಾಪುರ
14 ಜುಲೈ 2025

ಪ್ರಮಿತಾ,

ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು.

ಇವತ್ತು ಬೆಳಿಗ್ಗೆ ಬಜಾರಿನಿಂದ ಬಂದವಳೇ ಬರೆಯಲು ಕೂತಿದ್ದೇನೆ, ಕೈಗೆ ಇನ್ನೂ ಮಣ್ಣಿದೆ. ಈ ಕಾಲದ ರಾಜ ಪೊಟೊಲ್. ನಮ್ಮ ತೊಂಡೆಕಾಯಿಯ ಅಣ್ಣ ಅಂದುಕೋ. ಎಳೆಯದನ್ನು ಬೆರಳಲ್ಲಿ ಒತ್ತಿ ಆರಿಸಬೇಕು. ಪೊಟೊಲ್ ಕೊತೊ ಕೊರೆ ಮಾಶಿ ಎಂದೆ, ಹೇಳಿದಳು, ಕೊಮ್ ಕೊರುನ್ ಎಂದೆ, ಮುಖ ತಿರುಗಿಸಿದಳು, ಎದ್ದು ನಾಲ್ಕು ಹೆಜ್ಜೆ ನಡೆದೆ, ಕರೆದಳು. ಈ ನಾಲ್ಕು ಹೆಜ್ಜೆಯನ್ನು ಮರೆಯಬೇಡ. ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿದೆ. ಅಭಯ ಎರಡು ಸಲ ಹಾಕಿಸಿಕೊಂಡು, ಇದು ಚಿತ್ತಾಪುರದಲ್ಲಿ ಸಿಗೂದಿಲ್ಲ ನೋಡು ಎಂದ. ನೀನು ಬಂದ ದಿನ ಇದನ್ನೇ ಮಾಡುತ್ತೇನೆ.

ರಂಜನಾ


ವಾಡಿ
21 ಜುಲೈ 2025

ರಂಜನಾ,

ಪೊಟೊಲ್ ಪಾಠ ಚೆನ್ನಾಗಿ ಕಲಿತೆ. ನಾವಿಲ್ಲಿ ಹೆಸರುಬೇಳೆಗೆ ಕರಿಮೆಣಸು, ಮಾವಿನಪುಡಿ ಹಾಕಿ ಉಣ್ಣುತ್ತಿದ್ದೇವೆ.

ನಿನ್ನಿಂದ ಒಂದು ಉಪಕಾರವಾಗಬೇಕು. ನಾನು ಇಲ್ಲಿ ಇನ್ನು ಇರಲಾರೆ. 31ನೇ ತಾರೀಖು ಗುರುವಾರ ಮಧ್ಯಾಹ್ನ ಜಯುವನ್ನು ಕರೆದುಕೊಂಡು ಹೊರಡುತ್ತೇನೆ. ವಾಡಿ ಸ್ಟೇಶನ್ನಿನಲ್ಲಿ ನಯೀಮ ನನ್ನನ್ನು ಬಲ್ಲ, ಅದಕ್ಕೆ ಬಸ್ಸಿನಲ್ಲಿ ಶಹಾಬಾದಿಗೆ ಹೋಗಿ ಅಲ್ಲಿಂದ ರೈಲು ಹತ್ತುತ್ತೇನೆ. ಸಿಕಂದರಾಬಾದಿನಲ್ಲಿ ಬದಲಿಸಿ ನಿನ್ನ ಊರಿಗೆ. ಇದು ನಿನಗೆ ಮಾತ್ರ ಗೊತ್ತು. ಅವರಿಗೂ ಹೇಳಬೇಡ.

ಪ್ರಮಿತಾ


ವಾಡಿ
1 ಆಗಸ್ಟ್ 2025
(ಅಭಯನ ಬ್ಯಾಂಕಿನ ವಿಳಾಸಕ್ಕೆ)

ರಂಜನಾ,

ಈ ಪತ್ರವನ್ನು ಅಭಯ ನಿನ್ನ ಕೈಗೇ ಕೊಡಲಿ ಎಂದು ಲಕೋಟೆಯ ಮೇಲೆ ಬರೆದಿದ್ದೇನೆ.

ಬಿ.ಎಸ್ಸಿ. ಎರಡನೇ ವರ್ಷದ ಆಷಾಢ ನೆನಪಿದೆಯೇ? ಮೆಸ್ಸಿನಲ್ಲಿ ಎಲ್ಲರೂ ಎಣ್ಣೆಗಾಯಿ ಉಣ್ಣುವಾಗ ನೀನು ಶಾಕವ್ರತ ಎಂದು ಬೇಳೆಗೆ ಕರಿಮೆಣಸಿನ ಪುಡಿ ಉದುರಿಸಿಕೊಂಡು ಕೂತಿದ್ದೆ. ಚಿತ್ತಾಪುರದಿಂದ ನಿಮ್ಮಮ್ಮ ಡಬ್ಬಿಯಲ್ಲಿ ಮಾವಿನಪುಡಿ ಕಳಿಸುತ್ತಿದ್ದರು. ಪರೀಕ್ಷೆಯ ದಿನ ಜ್ವರ ಬಂದಾಗಲೂ ನೀನು ವ್ರತ ಬಿಡಲಿಲ್ಲ. ಅಂಥವಳು ಜುಲೈ 14ಕ್ಕೆ, ವ್ರತದ ನಟ್ಟನಡುವೆ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿ ಅಭಯನಿಗೆ ಎರಡು ಸಲ ಬಡಿಸಿದೆ. ಮೊದಲು, ಬಂಗಾಳಕ್ಕೆ ಹೋಗಿ ಕೆಟ್ಟಳು ಎಂದು ನಕ್ಕೆ. ಆಮೇಲೆ ನಗು ನಿಂತಿತು. ಆ ಪಲ್ಯ ಮಾಡಿದ ದಿನ ಜುಲೈ 14 ಆಗಿರಲು ಸಾಧ್ಯವೇ ಇಲ್ಲ. ನೀನು ಅದನ್ನು ವ್ರತಕ್ಕೆ ಬಹಳ ಮೊದಲೇ ಬರೆದಿಟ್ಟಿದ್ದೆ. ಹಾಗಾದರೆ ಅದು ನನ್ನ ಪತ್ರಕ್ಕೆ ಉತ್ತರವಲ್ಲ. ಯಾವುದೂ ಉತ್ತರವಲ್ಲ. ಅದಕ್ಕೇ ಹಲ್ಲಿನ ಮಾತಿಲ್ಲ, ಬೆಂಚಿನ ಮಾತಿಲ್ಲ, ಎಲ್ಲದಕ್ಕೂ ಬಹಳ ಸಂತೋಷ.

ಹಾಗಾದರೆ ನನ್ನ ಪತ್ರಗಳನ್ನು ಓದುತ್ತಿದ್ದವರು ಯಾರು? ಅದನ್ನು ತಿಳಿಯಲೆಂದೇ ಶಹಾಬಾದಿನ ಸುಳ್ಳು ಬರೆದೆ.

ನಿನ್ನೆ ಜಯುವನ್ನು ಅತ್ತೆಯ ಮಡಿಲಲ್ಲಿ ಬಿಟ್ಟು, ಗುರುಲಿಂಗಮ್ಮನ ಕಡೆ ಹೋಗಿ ಬರುತ್ತೇನೆ ಎಂದೆ. ಚಿಲಕ ತೆಗೆದು ಕೊಟ್ಟರು. ಕೂಸು ತಮ್ಮ ಹತ್ತಿರ ಇದ್ದರೆ ನನ್ನ ಚಿಂತೆ ಅವರಿಗಿಲ್ಲ. ಶಹಾಬಾದಿನ ಬಸ್ಸು ಹತ್ತಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಾವನವರು ಕೂತಿದ್ದರು. ಬೆಳಿಗ್ಗೆ ಪೆನ್ಶನ್ ಕೆಲಸಕ್ಕೆ ಎಂದು ಹೊರಟವರು. ಕೊಡೆ, ನೀರಿನ ತಂಬಿಗೆ, ಪಕ್ಕದಲ್ಲಿ ಜಯುಗೆಂದು ಒಂದು ಮಡಿಚಿದ ದುಪ್ಪಟಿ. ನನ್ನನ್ನು ನೋಡಿ ಎದ್ದರು. ಅವರ ಕಣ್ಣು ಮೊದಲು ಹುಡುಕಿದ್ದು ನನ್ನ ಮುಖವನ್ನಲ್ಲ, ನನ್ನ ತೋಳುಗಳನ್ನು.

"ಕೂಸು ಎಲ್ಲವ್ವಾ?"

ಮನೆಯಲ್ಲೇ ಇದ್ದಾನೆ ಎಂದೆ. ಮತ್ತೆ ಕೂತರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ರಂಜನಾ, ಮಡಿಚಿದ ದುಪ್ಪಟಿಯನ್ನು ಬಿಚ್ಚಿ ಮತ್ತೆ ಮಡಿಚಿದರು. ನನಗೂ ಜಾಗ ತೋರಿಸಿ, "ಕುಂದ್ರು. ಪವಮಾನ ಫೋನ್ ಮಾಡಿದ್ದ. ಗುರುವಾರ ಶಹಾಬಾದಿಗೆ ಬರ್ತಾಳ, ಏನೂ ಅನಬ್ಯಾಡ್ರಿ, ಸುಮ್ನ ಕರಕೊಂಡು ಬರ್ರಿ ಅಂದ. ನಿನಗ ಹ್ಯಾಂಗ ಗೊತ್ತೋ ಅಂದೆ. ಹೇಳಲಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, "ನಾ ಕೇಳಬಾರದಿತ್ತೇನು?" ಎಂದರು. ಒಂದು ಗೂಡ್ಸ್ ಹೋದ ಮೇಲೆ ಇಬ್ಬರೂ ವಾಡಿಯ ಬಸ್ಸು ಹತ್ತಿದೆವು.

ಕುಕ್ಕರು ಪಾತ್ರೆಯಾದದ್ದು ಹೇಗೆಂದು ಈಗ ತಿಳಿಯಿತು. ರೆಸ್ಟ್ ಮಾತು ನಿಂತದ್ದು ಹೇಗೆಂದೂ ತಿಳಿಯಿತು. ಬೆಂಚಿನ ಕಥೆ ನಿನಗೆ ಬರೆದೆ, ಚಿಲಕ ನಮ್ಮ ಬಾಗಿಲಿಗೆ ಬಿತ್ತು. ನನ್ನ ಗಂಡ ನನ್ನ ಮನಸ್ಸು ಓದುತ್ತಾನೆ ಎಂದು ಹಿಗ್ಗಿ ನಿನಗೇ ಬರೆದಿದ್ದೆ. ಆ ಸಾಲನ್ನೂ ಅವರೇ ಓದಿದ್ದಾರೆ.

ನನಗೆ ಬೇಕಾದದ್ದು ಒಂದೇ ಉತ್ತರ. ನನ್ನ ಒಂದಾದರೂ ಪತ್ರ ನಿನ್ನ ಕೈಗೆ ಬಂದಿತ್ತೇ?

ಪ್ರಮಿತಾ


ದುರ್ಗಾಪುರ
11 ಆಗಸ್ಟ್ 2025

ಪ್ರಮಿ,

ಇಲ್ಲ.

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಮೇ ತಿಂಗಳಲ್ಲಿ ಅವರು ನಮ್ಮ ಊಟದ ಟೇಬಲಿನ ಮುಂದೆ ಕೂತು ಅತ್ತರು. ನಾನು ಗಂಡಸು ಹಾಗೆ ಅತ್ತದ್ದು ನೋಡಿರಲಿಲ್ಲ. ಅವಳು ಕೂಸನ್ನು ಎತ್ತಿಕೊಂಡು ರೈಲಿನ ಹತ್ತಿರ ಹೋಗಿದ್ದಳು, ನಾನಿಲ್ಲಿ ದಿನಾ ಹೆದರಿ ಸಾಯುತ್ತಿದ್ದೇನೆ, ಅವಳ ಮನಸ್ಸನ್ನು ಏನಾದರೊಂದಕ್ಕೆ ಕಟ್ಟಿಹಾಕಬೇಕು ಎಂದರು. ಬರುವ ಆಸೆ ಇದ್ದರೆ ತಡೆದುಕೊಂಡು ಇರುತ್ತಾಳೆ ಎಂದರು. ಎರಡು ದಿನ ಕೂತು ಎಂಟು ಪತ್ರ ಬರೆದುಕೊಟ್ಟೆ. ತಾರೀಖು ಅವರು ಹೇಳಿದ್ದು. ನಾನು ಪಂಚಾಂಗ ನೋಡಲಿಲ್ಲ. ನಿನ್ನ ಪತ್ರಗಳನ್ನು ತಾವೇ ಓದಿ, ಏನಾದರೂ ಮುಖ್ಯವಿದ್ದರೆ ತಿಳಿಸುತ್ತೇನೆ ಎಂದರು. ಒಂದು ಸಲವೂ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡೆ.

ಇನ್ನೊಂದು ನಿನಗೆ ಗೊತ್ತಾಗಲೇಬೇಕು. ಕ್ವಾರ್ಟರ್ಸ್ ಜೂನಿನಲ್ಲೇ ಬಂದಿತ್ತು. ಅವರೇ ಬೇಡವೆಂದು ಬರೆದುಕೊಟ್ಟರು.

ನಾವು ಮಾಡಿದ್ದು ನಿನ್ನ ಒಳ್ಳೆಯದಕ್ಕೇ ಪ್ರಮಿ. ನನ್ನ ಜಾಗದಲ್ಲಿ ನೀನಿದ್ದರೂ ಇದನ್ನೇ ಮಾಡುತ್ತಿದ್ದೆ. ಹಲ್ಲಿಗೆ ದಾಂತ್ ಎನ್ನುತ್ತಾರೆ.

ರಂಜನಾ


ದುರ್ಗಾಪುರ
15 ಸೆಪ್ಟೆಂಬರ್ 2025

ರಂಜನಾ,

ನಿನ್ನ ಮನೆಯಿಂದ ಎರಡು ಓಣಿ ಆಚೆ ಕೂತು ಬರೆಯುತ್ತಿದ್ದೇನೆ. ಬಂದು ಹೇಳಬಹುದಿತ್ತು. ಪತ್ರವೇ ಇರಲಿ, ಫೋನಿನಲ್ಲಿ ಕಲಿತದ್ದು ಫೋನಿನಲ್ಲೇ ಉಳಿಯುತ್ತದೆ ಎಂದು ನೀನೇ ಬರೆದಿದ್ದೆ.

ನಿನ್ನ ಪತ್ರ ಸಿಕ್ಕ ದಿನ ಅತ್ತೆ ಮಾವನವರನ್ನು ಕೂಡಿಸಿ, ನಾನು ಜಯುವನ್ನು ಕರೆದುಕೊಂಡು ದುರ್ಗಾಪುರಕ್ಕೆ ಹೋಗುತ್ತೇನೆ, ಓಡಿಹೋಗುತ್ತಿಲ್ಲ, ಹೋಗುತ್ತಿದ್ದೇನೆ ಎಂದೆ. ಅತ್ತೆ ಜಯುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. "ದಾರ್ಯಾಗ ನಿನಗ ಕಣ್ಣು ಕತ್ತಲಿ ಬಂದ್ರ?" ಎಂದರು. ಅದು ಸುಳ್ಳು ಭಯವಲ್ಲ, ನನಗೂ ಇದೆ. ನನಗೆ ಹಾಗಾದರೆ ಯಾರನ್ನಾದರೂ ಕರೆಯುತ್ತೇನೆ, ಕರೆಯಲು ನನಗೆ ಬಾಯಿದೆ ಎಂದೆ. ಮಾವನವರು ಎದ್ದು ಹೋಗಿ ಬಾಗಿಲಿನ ಮೇಲಿನ ಚಿಲಕದ ಸ್ಕ್ರೂ ಬಿಚ್ಚಿದರು. ಆಮೇಲೆ, "ಸಾಮಾನು ಹಿಡಿಲಿಕ್ಕೆ ನಾ ಬರ್ಲೇನು? ಕೂಸು ನೀನೇ ಹಿಡಕೋ" ಎಂದರು. ಹೌರಾದವರೆಗೆ ಆ ಮಾತು ತಪ್ಪಲಿಲ್ಲ. ನಾನು ಕೇಳಿದಾಗ ಮಾತ್ರ ಕೈ ಚಾಚಿದರು.

ಪವಮಾನರು ಸ್ಟೇಶನ್ನಿಗೆ ಬಂದಿದ್ದರು. ಏನೇನೋ ಹೇಳಿದರು. ಹೆದರಿದ್ದೆ ಅಂದರು, ನಂಬುತ್ತೇನೆ. ಹೆದರಿದವರು ಬಂದು ಪಕ್ಕದಲ್ಲಿ ಕೂರಬೇಕು, ಕಿಂಡಿಯಲ್ಲಿ ನೋಡಬಾರದು ಎಂದೆ. ಒಂದು ಬಾಡಿಗೆ ಕೋಣೆ ಹಿಡಿದಿದ್ದಾರೆ. ಅವರ ಕಪಾಟಿನಲ್ಲಿ ನನ್ನ ಪತ್ರಗಳೂ ಸಿಕ್ಕವು, ನೀನು ಮುಂದಕ್ಕೆ ಬರೆದಿಟ್ಟ ನಾಲ್ಕೂ ಸಿಕ್ಕವು. ಎಲ್ಲ ಓದಿದೆ. ದೀಪಾವಳಿಯದರಲ್ಲಿ ಹಣತೆ ಕೊಳ್ಳುವ ಪಾಠವಿದೆ. ಕೊನೆಗೆ ‘ಜಯು ಈಗ ಗೋಡೆ ಹಿಡಿದು ನಿಲ್ಲುತ್ತಿರಬೇಕಲ್ಲ’ ಎಂದು ಬರೆದಿದ್ದೀಯ. ಮೇ ತಿಂಗಳಲ್ಲಿ ಕೂತು, ಅವನನ್ನು ಕಾಣದೆ, ಅವನು ನಿಲ್ಲುವ ತಿಂಗಳನ್ನು ಲೆಕ್ಕ ಹಾಕಿದ್ದೆ. ಉಳಿದದ್ದನ್ನೆಲ್ಲ ನುಂಗಬಹುದು ರಂಜನಾ. ಆ ಸಾಲನ್ನು ಮಾತ್ರ ನುಂಗಲಾರೆ.

ನಿದ್ದೆ ಇನ್ನೂ ಬಂದಿಲ್ಲ. ಮನೆ ಬದಲಾದರೆ ಬರುತ್ತದೆ ಎಂದುಕೊಂಡಿದ್ದು ತಪ್ಪು. ಇಲ್ಲಿಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇನೆ. ಅವರು ನನ್ನನ್ನೇ ಕೇಳುತ್ತಾರೆ, ಜೊತೆಗೆ ಬಂದವರನ್ನಲ್ಲ.

ನಿನ್ನೆ ಬಜಾರಿಗೆ ಹೋಗಿದ್ದೆ. ನಿನ್ನ ಪಾಠ ಒಂದೂ ಸುಳ್ಳಲ್ಲ, ಅದನ್ನು ಒಪ್ಪಬೇಕು. ಕೂತು ಕೇಳಿದರೆ ರೇಟು ಬೇರೆ. ಪೊಟೊಲ್ ಮಾಶಿಯ ಮುಂದಿನಿಂದ ನಾಲ್ಕು ಹೆಜ್ಜೆ ನಡೆದೆ, ಕರೆದಳು. ಹಣ್ಣಿನವನ ಹತ್ತಿರ ಮಾತ್ರ ತಡವರಿಸಿ, ಜಯುವನ್ನು ತೋರಿಸಿದೆ. ಅವನು ತಾನೇ ಹೇಳಿಕೊಟ್ಟ: ಆಮಾರ್ ಬಾಚ್ಚಾರ್ ಜೊನ್ನೊ. ನನ್ನ ಮಗುವಿಗೆ. ಅವನ ಮುಂದೆಯೇ ಎರಡು ಸಲ ಹೇಳಿದೆ. ಕೆಳಗಿನಿಂದ ಒಳ್ಳೆಯ ಬಾಳೆಹಣ್ಣು ತೆಗೆದುಕೊಟ್ಟ.

ಆಗ ನೀನು ಬಂದೆ. ಹಿಂದಿನಿಂದ ಪ್ರಮಿ ಎಂದು ಕರೆದೆ. ನಿನ್ನ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು, ಮನೆಗೇ ಹೊರಟಿದ್ದೆಯೋ ಏನೋ. ಡಬ್ಬಿಯನ್ನು ನನ್ನ ಚೀಲದ ಹತ್ತಿರ ತಂದೆ. ನಾನು ಚೀಲದ ಬಾಯಿ ಮುಚ್ಚಿದೆ. ಲಾಗ್ಬೆ ನಾ ಎಂದೆ. ಮೆಲ್ಲಗೆ, ನೀನು ಹೇಳಿಕೊಟ್ಟ ಹಾಗೆ. ಸಿಟ್ಟಿಲ್ಲದೆ ಹೇಳಲು ಮಾತ್ರ ಆಗಲಿಲ್ಲ. ಮುಂದೆ ನಡೆದೆ. ತಿರುಗಿ ನೋಡಬಾರದು, ನೋಡಲಿಲ್ಲ.

ಆದರೆ ಜಯು ನನ್ನ ಹೆಗಲ ಮೇಲಿದ್ದ. ಅವನ ಮುಖ ನಿನ್ನ ಕಡೆಗಿತ್ತು. ಮೀನಿನ ಸಾಲು ದಾಟುವವರೆಗೂ ಅವನು ನಿನ್ನನ್ನೇ ನೋಡುತ್ತಿದ್ದ, ಅವನ ಕತ್ತು ತಿರುಗಿದ್ದು ನನ್ನ ಭುಜಕ್ಕೆ ತಿಳಿಯುತ್ತಿತ್ತು. ಈಗ ಮೇಲೆ ಎರಡು, ಕೆಳಗೆ ಎರಡು ಹಲ್ಲಿವೆ, ನಕ್ಕರೆ ಕಾಣುತ್ತವೆ. ಅವನು ನಿನ್ನನ್ನು ನೋಡಿ ನಕ್ಕನೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಡವಳು ನೀನೊಬ್ಬಳೇ.

ಬರೆಯಬೇಕೆನ್ನಿಸಿದರೆ ಅದನ್ನು ಬರೆ. ಬರೆದ ದಿನದ ತಾರೀಖನ್ನೇ ಹಾಕು.

ಪ್ರಮಿತಾ